ಕವರ್ ಹಾಡು ಓಡಿತು, ಸ್ವಂತ ಹಾಡು ಯಾಕೆ ಓಡುತ್ತಿಲ್ಲ?
ಸಾಗರದ ನಿಮ್ಮ ರಾಕ್ ಬ್ಯಾಂಡಿನ ಭಾವಗೀತೆ ಕವರಿಗೆ (ಬೇರೆಯವರ ಹಾಡನ್ನು ನೀವು ಹಾಡಿದ್ದಕ್ಕೆ) ಯೂಟ್ಯೂಬಿನಲ್ಲಿ ಬಂದ ಜನ ಸ್ವಂತ ಹಾಡಿಗೆ ಬರಲಿಲ್ಲ ಅಂದಿರಿ. ಬಹುಶಃ ಅವರು ಹುಡುಕಿಕೊಂಡು ಬಂದದ್ದು ಆ ಹಾಡನ್ನು, ನಿಮ್ಮನ್ನಲ್ಲ. ಚಾನೆಲ್ ನೋಡಿಕೊಳ್ಳುವ ಯೂಟ್ಯೂಬ್ ಸ್ಟುಡಿಯೋದಲ್ಲಿ ಕವರಿನ ಟ್ರಾಫಿಕ್ ಸೋರ್ಸ್, ಅಂದರೆ ಜನ ಎಲ್ಲಿಂದ ಬಂದರು ಅನ್ನೋದನ್ನು ನೋಡಿ. ಸರ್ಚ್ ಜಾಸ್ತಿ ಇದ್ದರೆ ಇದೇ ಕಾರಣ.

ಆಮೇಲೆ ಸ್ವಂತ ಹಾಡಿನ ರಿಟೆನ್ಷನ್ ಗ್ರಾಫ್ (ಎಷ್ಟು ಜನ ಎಲ್ಲಿಯವರೆಗೆ ನೋಡಿದರು ಅನ್ನೋ ಗೆರೆ) ತೆರೆಯಿರಿ. ಗೆರೆ ಶುರುವಿನಲ್ಲೇ ಧೊಪ್ಪಂತ ಬಿದ್ದಿದ್ದರೆ ವಿಡಿಯೋ ಶುರುವಿನ ಆ ಜೋಗದ ಡ್ರೋನ್ ಶಾಟ್ ಕಿತ್ತುಹಾಕಿ (ಮಲೆನಾಡಿನ ಬ್ಯಾಂಡುಗಳಿಗೆಲ್ಲ ಇದೊಂದು ಚಟ, ಅಲ್ವಾ?). ಹಾಡಿನಿಂದಲೇ ಶುರುವಾಗಲಿ. ಸ್ಟುಡಿಯೋದ ಎಡಿಟರ್‌ನಲ್ಲೇ ಕತ್ತರಿಸಬಹುದು, ಸುಮ್ನೆ ಮತ್ತೆ ಅಪ್‌ಲೋಡ್ ಮಾಡಬೇಡಿ.

ಕೊನೆಗೆ, ಓಡಿದ ಕವರಿಗೆ ಎಂಡ್ ಸ್ಕ್ರೀನ್, ಅಂದರೆ ಕೊನೆಯಲ್ಲಿ ಬೇರೆ ವಿಡಿಯೋ ತೋರಿಸುವ ಒತ್ತುಪಟ್ಟಿ, ಹಾಕಿ. ಕೊನೆಯ 5ರಿಂದ 20 ಸೆಕೆಂಡ್ ಅದಕ್ಕೆ ಸಿಗುತ್ತದೆ. ಅಲ್ಲಿ ಸ್ವಂತ ಹಾಡು ಕಾಣಿಸಲಿ. ಎಷ್ಟು ಜನ ಒತ್ತುತ್ತಾರೋ ಹೇಳಲಾರೆ. ಕವರಿನ ದುಡ್ಡನ್ನಂತೂ ನಂಬಬೇಡಿ, ಕಾಪಿರೈಟ್ ಕ್ಲೇಮ್ ಬಂದರೆ ಅದು ಮೂಲ ಹಕ್ಕುದಾರರಿಗೆ ಹೋಗಬಹುದು.