ಹೊಟ್ಟಿ ಕೆಟ್ಟ ಗ್ಯಾಸ್ ಟಾಕಿ

ಪ್ರಶ್ನೆ: ಅಕ್ಕಾರ, ನಮಸ್ಕಾರ್ರಿ. ನಮ್ದು ಇಂಡಿ ಕಡೆ, ಪುಣೆಗೆ ಬಂದು 12 ವರ್ಷಾತು, ಪರ್ವತಿ ಗುಡ್ಡದ ಜನತಾ ವಸಾಹತ್‌ದಾಗ ಇರ್ತೀವಿ. ದೀಪಾವಳಿ ಮುಂದ ಒಂದ್ ಸಂಸ್ಥೆಯವ್ರು ನಮ್ ಗಲ್ಲಿಗೆ ಸಾವಿರ ಲೀಟರಿನ ಬಯೋಗ್ಯಾಸ್ ಟಾಕಿ ಕೂಡ್ಸಿ, ಎಂಟೂ ಮನಿ ಹಸಿ ಕಸ ಇದ್ರಾಗ ಹಾಕ್ರಿ ಅಂತ್ಹೇಳಿ ಹೋದವ್ರು ತಿರುಗಿ ಬಂದಿಲ್ಲ. ಎರಡ್ ತಿಂಗ್ಳು ಚಲೋ ಉರೀತು. ಈಗ ಹುಳಿ ವಾಸ್ನಿ, ಮ್ಯಾಲಿನ ಡ್ರಮ್ ಏಳ್ತದ ಆದ್ರ ಒಲಿ ಹತ್ತವಲ್ದು. ಮಂದಿ ಕಿತ್ತು ಒಗೀರಿ ಅಂತಾರ, ಏನ್ ಮಾಡ್ಲಿ?

ಉತ್ತರ: ತಂಗಿ, ಒಗೀಬ್ಯಾಡ. ಡ್ರಮ್ ಏಳ್ತದ, ಒಲಿ ಹತ್ತವಲ್ದು ಅಂದ್ರ ಒಳಗ ಕಾರ್ಬನ್ ಡೈಆಕ್ಸೈಡ್ ಜಾಸ್ತಿ, ಉರಿಯೋ ಮೀಥೇನ್ ಕಮ್ಮಿ. ಟಾಕಿಯೊಳಗ ಒಂದ್ ಥರ ಸೂಕ್ಷ್ಮಜೀವಿ ಅನ್ನ ಕೊಳಸಿ ಹುಳಿ ಮಾಡ್ತಾವ, ಇನ್ನೊಂದ್ ಥರದವು ಆ ಹುಳಿ ತಿಂದು ಮೀಥೇನ್ ಬಿಡ್ತಾವ, ಇವು ಭಾಳ ನಿಧಾನ, ಎಂಟ್ ಮನಿ ಕಸ ದಿನಾ ಬಿದ್ರ ಹುಳಿ ಏರಿ ಕೆಲಸಾನ ನಿಲ್ಲಸ್ತಾವ. ಅದ್ರ ಮ್ಯಾಲ ಚಳಿ ಬ್ಯಾರೆ, ಅವಕ್ಕ 35 ಡಿಗ್ರಿ ಸುತ್ತಮುತ್ತ ಕಾವು ಬೇಕು.

ಇಂಥಾ ಸಣ್ಣ ಟಾಕಿ ಮಾಡಿದ್ದ ನಿಮ್ ಪುಣೆಯ ಆರತಿ (ARTI) ಅನ್ನೋ ಹಳ್ಳಿ ತಂತ್ರಜ್ಞಾನ ಸಂಸ್ಥೆಯ ಡಾ. ಆನಂದ ಕರ್ವೆ, 2006ರಾಗ ಅದಕ್ಕ ಇಂಗ್ಲೆಂಡಿನ ಆಶ್ಡನ್ ಪ್ರಶಸ್ತಿ ಬಂತು. ಸೆಗಣಿ ಬದ್ಲಿ ಅನ್ನ, ಹಿಟ್ಟು, ಭಕ್ರಿ ಹಾಕೋ ಟಾಕಿ ಅದು, ಆದ್ರ ದಿನಕ್ಕ ಸುಮಾರು 2 ಕಿಲೋ ಅಷ್ಟ. ಎಂಟ್ ಮನಿಗೆ ಒಂದ್ ಟಾಕಿ ಕೊಟ್ಟು ಅಳತಿ ಹೇಳದ ಹೋದದ್ದು ತಪ್ಪು, ನನಗ ಸಿಟ್ಟ ಬರೋದು ಇಲ್ಲೇ, ಯಾಕಂದ್ರ ಟಾಕಿ ಕೆಟ್ರ ಹೆಸರು ಕೆಡೋದು ವಸ್ತಿ ಮಂದೀದು.

ಈಗ ಹತ್ತು ದಿನ ಕಸ ಏನೂ ಹಾಕಬ್ಯಾಡ. ಬೆಂಕಿ, ಬೀಡಿ ದೂರ ಇಟ್ಟು ಹೊರಗ ಬಯಲಾಗ ಗ್ಯಾಸ್ ಬಿಟ್ಬಿಡು. ದನದ ಗೋಠಾದಿಂದ ಎರಡ್ ಬಕೀಟ್ ಹಸಿ ಸೆಗಣಿ ತಂದು ನೀರಾಗ ಕಲಸಿ ಹಾಕು, ಸುಣ್ಣದ ತಿಳಿನೀರು ಸ್ವಲ್ಪ ಸ್ವಲ್ಪ ಹಾಕ್ಕೋತ ಹೋಗು, ಹುಳಿ ಅಳಿಯೋ pH ಕಾಗದ ಸಿಕ್ರ 7ರ ಹತ್ರ ಬಂತೇನು ನೋಡು. ಉರಿ ನೀಲಿ ಆದ ಮ್ಯಾಲ ಅರ್ಧ ಕಿಲೋದಿಂದ ಶುರು ಮಾಡಿ ವಾರಕ್ಕ ಒಂದಿಷ್ಟು ಏರ್ಸು. ಲಿಂಬಿ-ಮೋಸಂಬಿ ಸಿಪ್ಪಿ, ಎಲಬು, ತತ್ತಿ ಸಿಪ್ಪಿ, ತೆಂಗಿನ ನಾರು ಬ್ಯಾಡ. ಹಾಕೋದು ಒಬ್ಬರೇ ಹಾಕ್ಲಿ, ಎಂಟ್ ಕೈ ಬಂದ್ರ ಮತ್ತ ಕೆಡ್ತದ.

ಉಳಿದ ಹಸಿ ಕಸ, ಒಣ ಕಸ ಬ್ಯಾರೆ ಬ್ಯಾರೆ ಮಾಡಿ ಸ್ವಚ್ಛ್‌ನ ತಾಯಂದ್ರಿಗೆ ಕೊಡ್ರಿ. 1993ರಾಗ ಹುಟ್ಟಿದ ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತಿ ಅನ್ನೋ ಸಂಘದ ಕಸ ಆಯೋರು 2008ರಿಂದ ಪಾಲಿಕಿ ಜೋಡಿ ನಡೆಸ್ತಿರೋ ಸಹಕಾರಿ ಅದು, ಪ್ಲಾಸ್ಟಿಕ್, ರದ್ದಿ ಒಣಗಿದ್ರ ಅಷ್ಟ ಅವ್ರಿಗೆ ನಾಕ್ ದುಡ್ಡು ಸಿಗ್ತದ.

ತಿಂಗ್ಳಾದ್ರೂ ಒಲಿ ಹತ್ತಲಿಲ್ಲಂದ್ರ ಪೈಪ್ ಕೂಡೋ ಜಾಗಕ್ಕ ಸಾಬೂನ ನೀರು ಹಚ್ಚಿ, ಗ್ಯಾಸ್ ಸೋರಿ ಗುಳ್ಳಿ ಬರ್ತಾವೇನು ನೋಡಿ ಮತ್ತ ಬರಿ.