ನಲ್ಲಿ ಮುಟ್ಟಿದರೆ ಜುಮ್ ಅನ್ನೋ ಗೀಸರ್: ಬದಲಾಯಿಸೋ ಮುಂಚೆ ಅರ್ಥಿಂಗ್ ನೋಡಿಸಿ

ಅಣ್ಣ, 9 ವರ್ಷದ 15 ಲೀಟರ್ ಗೀಸರ್, ಬೋರ್ ನೀರು, ನಲ್ಲಿ ಮುಟ್ಟಿದರೆ ಜುಮ್ ಅನ್ನುತ್ತೆ, ನೀರು ಕಾಯೋಕೆ ಮುಕ್ಕಾಲು ಗಂಟೆ, ಎಲೆಕ್ಟ್ರಿಷಿಯನ್ 'ಎಸೆದು ಹೊಸದು ತಗೊಳ್ಳಿ' ಅಂದ ಅಂತ ಬರೆದಿದ್ದೀರಿ. ಹೊಸದು ತಗೊಳ್ಳೋದು ಆಮೇಲೆ ನೋಡೋಣ. ಮೊದಲು ಅದರ ಪ್ಲಗ್ ಕಿತ್ತಿಡಿ. 'ನೀರು ಕಾದಮೇಲೆ ಸ್ವಿಚ್ ಆರಿಸಿ ಸ್ನಾನ ಮಾಡ್ತೀವಿ' ಅನ್ನೋದನ್ನ ನಂಬಬೇಡಿ. ಹಳೇ ವೈರಿಂಗಿನಲ್ಲಿ ಸ್ವಿಚ್ಚನ್ನ ನ್ಯೂಟ್ರಲ್‌ಗೆ ಕೊಟ್ಟಿರೋದು ಎಷ್ಟೋ ಕಡೆ ನೋಡಿದ್ದೀನಿ. ಅಂಥ ಕಡೆ ಸ್ವಿಚ್ ಆರಿಸಿದರೂ ನೀರು ಕಾಯಿಸೋ ಎಲಿಮೆಂಟಿನಲ್ಲಿ ಕರೆಂಟ್ ಇದ್ದೇ ಇರುತ್ತೆ. ರಿಪೇರಿ ಆಗೋವರೆಗೆ ಹಂಡೆ ಒಲೆಗೇ ಸೋಗೆ, ಚಿಪ್ಪು ಹಾಕಿ. ನಮ್ಮಂಥ ತೆಂಗಿನ ತೋಟದವರಿಗೆ ಅದಕ್ಕೇನು ಬರ.

ಜುಮ್ ಅಂತಿದೆ ಅಂದರೆ ಎರಡು ಕಡೆ ಕೆಟ್ಟಿದೆ. ಒಂದು, ಎಲ್ಲೋ ಕರೆಂಟ್ ಲೀಕ್ ಆಗ್ತಿದೆ. ಇನ್ನೊಂದು, ಅರ್ಥಿಂಗ್ ಸತ್ತಿದೆ. ಅರ್ಥ್ ಸರಿಯಾಗಿದ್ದಿದ್ದರೆ ಲೀಕ್ ಆದ ಕರೆಂಟ್ ಭೂಮಿಗೆ ಹೋಗ್ತಿತ್ತು, ನಿಮ್ಮ ಕೈಗೆ ಬರ್ತಿರಲಿಲ್ಲ. ಇದನ್ನ ನಾನು ದುಡ್ಡು ಕಳೆದುಕೊಂಡೇ ಕಲಿತದ್ದು. ನಮ್ಮನೇಲಿ ಹೊಸ ಗೀಸರ್ ಹಾಕಿಸಿದ ಮೇಲೂ ಜುಮ್ ನಿಲ್ಲಲಿಲ್ಲ. ಹುಡುಕಿದರೆ ಸಂಪಿನ ಮೋಟರ್ ಲೀಕ್! ಅರ್ಥ್ ಗುಂಡಿಯ ವೈರು ತುಕ್ಕು ಹಿಡಿದು ತುಂಡಾಗಿತ್ತು. ಮನೆಯ ಅರ್ಥ್ ವೈರುಗಳೆಲ್ಲ ಬೋರ್ಡಿನಲ್ಲಿ ಒಂದಕ್ಕೊಂದು ಸೇರಿರುತ್ತಲ್ಲ, ಮೋಟರಿನ ಕರೆಂಟ್ ಅದೇ ದಾರಿ ಹಿಡಿದು ಬಚ್ಚಲ ನಲ್ಲಿಗೆ ಬರ್ತಿತ್ತು. ಹಳೇ ಗೀಸರನ್ನ ಅಷ್ಟರಲ್ಲಿ ಗುಜರಿಗೆ ಹಾಕಿ ಆಗಿತ್ತು.

ಅದಕ್ಕೇ ಎಲೆಕ್ಟ್ರಿಷಿಯನ್ ಕೈಲಿ ಫೇಸ್‌ಗೂ ಅರ್ಥ್‌ಗೂ ನಡುವೆ 100 ವ್ಯಾಟಿನ ಹಳೇ ಬಲ್ಬ್ ಹಾಕಿಸಿ ನೋಡಿ. ಫೇಸ್‌ಗೂ ನ್ಯೂಟ್ರಲ್‌ಗೂ ಹಾಕಿದಾಗಿಗಿಂತ ಮಂಕಾಗಿ ಉರಿದರೆ, ಇಲ್ಲಾ ಉರಿಯದೇ ಇದ್ದರೆ, ಅರ್ಥ್ ಗುಂಡಿ ಬಿಚ್ಚಿಸಬೇಕು. ಆ ಹೊತ್ತಲ್ಲಿ ಮನೇಲಿ ಯಾರೂ ನಲ್ಲಿ, ಫ್ರಿಜ್, ಮೋಟರ್ ಮುಟ್ಟಬಾರದು. ಅರ್ಥ್ ತುಂಡಾಗಿದ್ದರೆ ಬಲ್ಬಿನ ಮೂಲಕ ಎಲ್ಲಕ್ಕೂ ಕರೆಂಟ್ ಬರುತ್ತೆ. ಯಾರಾದರೂ 'ಅರ್ಥನ್ನ ನ್ಯೂಟ್ರಲ್‌ಗೆ ಸೇರಿಸಿಬಿಡ್ತೀನಿ' ಅಂದರೆ ಕಾಫಿ ಕೊಟ್ಟು ಕಳಿಸಿ. ಜೊತೆಗೆ ಕರೆಂಟ್ ಲೀಕ್ ಆದ ಕೂಡಲೇ ಲೈನ್ ಕಡಿಯೋ 30 ಮಿಲಿಆಂಪಿನ ಆರ್‌ಸಿಸಿಬಿ ಸ್ವಿಚ್ ಒಂದು ಹಾಕಿಸಿ. ಎಂಸಿಬಿ ಇದೆಯಲ್ಲ ಅನ್ನಬೇಡಿ, ಅದು ಬೀಳೋದು ಓವರ್‌ಲೋಡಿಗೆ, ಶಾರ್ಟಿಗೆ. ಮನುಷ್ಯನನ್ನ ಕೊಲ್ಲೋ ಅಷ್ಟು ಕರೆಂಟ್ ಅದರ ಲೆಕ್ಕಕ್ಕೇ ಬರಲ್ಲ.

ಇನ್ನು ನೀರು ನಿಧಾನವಾಗಿ ಕಾಯೋದು. ಎಲ್ಲರೂ ಸುಣ್ಣದ ಪದರದ ಮೇಲೆ ಹಾಕ್ತಾರೆ. ನನಗೆ ಹಾಗನ್ನಿಸಲ್ಲ. ಎಲಿಮೆಂಟ್ ಎಳೆದ ಕರೆಂಟೆಲ್ಲ ಕೊನೆಗೆ ಶಾಖವಾಗಿ ನೀರಿಗೇ ಹೋಗಬೇಕು. ಸುಣ್ಣ ಕಟ್ಟಿದರೆ ಎಲಿಮೆಂಟ್ ಒಳಗೊಳಗೇ ಸುಟ್ಟು ಸೀಳುತ್ತೆ, ಲೀಕ್ ಶುರುವಾಗೋದು ಅಲ್ಲಿಂದ. ನಿಧಾನ ಯಾಕೆ ಅಂತ ತಿಳೀಬೇಕಾದರೆ ನಿಮ್ಮೂರ ವೋಲ್ಟೇಜ್ ನೋಡಿ. 2000 ವ್ಯಾಟಿನದು 230 ವೋಲ್ಟಿನಲ್ಲಿ 15 ಲೀಟರನ್ನ 20ರಿಂದ 60 ಡಿಗ್ರಿಗೆ ತರೋಕೆ ಸುಮಾರು 21 ನಿಮಿಷ ಸಾಕು. 180 ವೋಲ್ಟಿದ್ದರೆ ಅದೇ ಎಲಿಮೆಂಟ್ 1200 ವ್ಯಾಟಿಗೆ ಇಳಿಯುತ್ತೆ. 160 ಆದರೆ ಸಾವಿರಕ್ಕೂ ಕಮ್ಮಿ, ನಿಮ್ಮ ಮುಕ್ಕಾಲು ಗಂಟೆ ಅಲ್ಲಿಗೆ ಸರಿಹೋಯ್ತು. ಹೀಗಿದ್ದರೆ ಯಾವ ಹೊಸ ಗೀಸರ್ ತಂದರೂ ಅಷ್ಟೇ.

ಈಗ ಗೀಸರಿಗೆ ಬರೋಣ. ಟ್ಯಾಂಕೇ ಸೋರ್ತಿದ್ದರೆ ಮಾತಿಲ್ಲ, ಎಸೀರಿ. ಎಂ-ಸೀಲ್, ವೆಲ್ಡಿಂಗ್ ಎಲ್ಲ ನಾಲ್ಕು ದಿನದ ಆಟ. ಸೋರ್ತಿಲ್ಲ ಅಂದರೆ ನೀರು ಖಾಲಿ ಮಾಡಿಸಿ ಎಲಿಮೆಂಟ್ ಬಿಚ್ಚಿಸಿ. 2000 ವ್ಯಾಟಿನದಾದರೆ ಮಲ್ಟಿಮೀಟರಿನಲ್ಲಿ ಎಲಿಮೆಂಟಿನ ಎರಡು ಕಾಲಿನ (ವೈರು ಸಿಗಿಸೋ ತುದಿಗಳ) ಮಧ್ಯ 26 ಓಮ್ ಆಸುಪಾಸು ಬರಬೇಕು, ಕಾಲಿಗೂ ಹೊರಗಿನ ಕೊಳವೆಗೂ ಏನೂ ತೋರಿಸಬಾರದು. ಇದನ್ನ ಬಿಚ್ಚಿದ ತಕ್ಷಣ ನೋಡಿ. ಒಂದು ದಿನ ಬಿಸಿಲಿಗಿಟ್ಟರೆ ಸೀಳಿರೋದೂ ಒಣಗಿ ಒಳ್ಳೇದರ ಹಾಗೇ ಕಾಣುತ್ತೆ. ಎಲಿಮೆಂಟ್ ಬದಲಾಯಿಸಿದರೆ ವಾಷರ್, ಟ್ಯಾಂಕ್ ತುಕ್ಕು ಹಿಡಿಯದ ಹಾಗೆ ತಾನೇ ಸವೆಯೋ ಆನೋಡ್ ರಾಡ್ ಕೂಡ ಬದಲಾಯಿಸಿಬಿಡಿ. ಬೋರ್ ನೀರಿಗೆ 9 ವರ್ಷದ ಆನೋಡ್ ಅಂದರೆ ಒಳಗೆ ತಂತಿ ಮಾತ್ರ ಉಳಿದಿರುತ್ತೆ. ತಳದ ಸುಣ್ಣದ ಚಕ್ಕೆಗಳನ್ನ ಕೈಯಿಂದ ಬಾಚಿ ತೆಗೀರಿ, ಟಾಯ್ಲೆಟ್ ಆಸಿಡ್ ಸುರಿಯಬೇಡಿ. ಇಷ್ಟಕ್ಕೆ ಹೊಸದರ ಬೆಲೆಯ ಮೂರನೇ ಒಂದು ಭಾಗ ಮೀರಿದರೆ ಮಾತ್ರ ಹೊಸದರ ಮಾತಾಡೋಣ.

ಹೊಸದಾದರೂ 15 ಲೀಟರಿಂದೇ ಇರಲಿ. 3 ಕಿಲೋವ್ಯಾಟಿನ ಇನ್‌ಸ್ಟಂಟ್ ಗೀಸರ್ (ನಲ್ಲಿ ಬಿಟ್ಟ ಹಾಗೇ ನೀರು ಕಾಯಿಸೋದು) ಚಿಕ್ಕದು, ಅಗ್ಗ, ಆದರೆ 13 ಆಂಪ್ ಎಳೆಯುತ್ತೆ. ನಿಮ್ಮ ವೋಲ್ಟೇಜಿಗೆ ಅದು ಬೆಚ್ಚಗಿನ ನೀರು ಕೊಟ್ಟರೆ ಹೆಚ್ಚು. ಗ್ಯಾಸ್ ಗೀಸರನ್ನ ಕಿಟಕಿಯಿಲ್ಲದ ಬಚ್ಚಲಿಗೆ ತರಲೇಬೇಡಿ, ಉಸಿರುಗಟ್ಟಿ ಸತ್ತವರಿದ್ದಾರೆ.

ರಿಪೇರಿ ಆದಮೇಲೆ ಬಿಸಿನೀರಿನ ನಲ್ಲೀಲಿ ಧಾರೆ ಬರೋವರೆಗೆ ಟ್ಯಾಂಕ್ ತುಂಬಿಸಿ, ಆಮೇಲೆ ಸ್ವಿಚ್ ಹಾಕಿ. ಖಾಲಿ ಟ್ಯಾಂಕಿಗೆ ಹಾಕಿದರೆ ಹೊಸ ಎಲಿಮೆಂಟ್ ಅವತ್ತೇ ಹೋಗುತ್ತೆ. ಎಲಿಮೆಂಟ್ ಬಿಚ್ಚಿದಾಗ ಒಂದು ಫೋಟೋ ಹಾಕಿ, ನೋಡಿ ಹೇಳ್ತೀನಿ.