ಕಂಡೋರು ಒಬ್ರು, ಹೆಸರಿಟ್ಟೋರು ಇನ್ನೊಬ್ರು

ನಮಸ್ಕಾರ ಮೇಡಂ. ನಿಮ್ಮ ಪತ್ರ ಉದ್ದ ಇದೆ, ಆದ್ರೆ ಪ್ರಶ್ನೆ ಮೂರೇ. ಗುರುಗ್ರಹದ ನಾಲ್ಕು ದೊಡ್ಡ ಚಂದ್ರಗಳನ್ನ ಕಂಡಿದ್ದು ಗೆಲಿಲಿಯೋ, ಹಾಗಾದ್ರೆ ಅಯೋ, ಯುರೋಪಾ, ಗ್ಯಾನಿಮೀಡ್, ಕ್ಯಾಲಿಸ್ಟೋ ಅಂತ ಹೆಸರಿಟ್ಟಿದ್ದೂ ಅವನೇನಾ? ಬೇರೆ ಗ್ರಹಗಳ ಚಂದ್ರಗಳಿಗೆಲ್ಲ ಪುರಾಣದ ಹೆಸರಿದ್ರೆ ಯುರೇನಸ್ಸಿಗೆ ಮಾತ್ರ ನಾಟಕದ ಪಾತ್ರಗಳು ಯಾಕೆ? ಶನಿಗೆ ಇನ್ನೂರಕ್ಕೂ ಮೇಲೆ ಚಂದ್ರಗಳಂತೆ, ಹೆಸರು ಖಾಲಿ ಆಗಲ್ವಾ? ಮೊದಲನೇದಕ್ಕೇ ಜಾಸ್ತಿ ಜಾಗ ಹೋಗುತ್ತೆ, ಕಥೆ ಇರೋದೇ ಅಲ್ಲಿ.

ಗೆಲಿಲಿಯೋ ಇಟ್ಟಿದ್ದಲ್ಲ. ಅವನಿಗೆ ಆಗ ಬೇಕಿದ್ದಿದ್ದು ಒಂದು ಒಳ್ಳೇ ಕೆಲಸ. 1610ರ ಜನವರಿ 7ರ ರಾತ್ರಿ ಗುರುವಿನ ಪಕ್ಕ ಸಾಲಾಗಿ ಮೂರು ಚುಕ್ಕಿ ಕಂಡ್ವು, ವಾರದೊಳಗೆ ನಾಲ್ಕನೇದೂ ಸಿಕ್ತು, ಮಾರ್ಚಿಗೆ ಪುಸ್ತಕವೇ ಹೊರಗೆ ಬಂತು. ಫ್ಲಾರೆನ್ಸಿನ ದೊರೆ ಎರಡನೇ ಕೋಸಿಮೋ ಡಿ ಮೆಡಿಚಿ, ಅವನ ಹೆಸರು ಬರೋ ಹಾಗೆ 'ಕಾಸ್ಮಿಕಾ ನಕ್ಷತ್ರಗಳು' ಅನ್ನೋಣ ಅಂತ ಗೆಲಿಲಿಯೋ ಐಡಿಯಾ, ಆದ್ರೆ ಅರಮನೆಯಿಂದ ಅದು ಬೇಡ, ಮನೆತನದ ಹೆಸರಿರ್ಲಿ, 'ಮೆಡಿಚಿ ನಕ್ಷತ್ರಗಳು' ಅನ್ನಿ ಅಂತ ಉತ್ತರ ಬಂತು, ಅಷ್ಟೊತ್ತಿಗೆ ಪುಟ ಪ್ರಿಂಟ್ ಆಗ್ಬಿಟ್ಟಿತ್ತು, ಕೊನೆಗೆ ಹಳೇ ಪದದ ಮೇಲೆ ಹೊಸ ಪದದ ಕಾಗದದ ಚೂರು ಅಂಟಿಸಿದ್ರು. (ಪತ್ರಿಕೆ ನಡೆಸೋರಿಗೆ ಈ ಸಂಕಟ ಚೆನ್ನಾಗಿ ಅರ್ಥ ಆಗುತ್ತೆ.) ಅಂಟಿಸಿದ್ದು ದಂಡ ಆಗ್ಲಿಲ್ಲ, ಅದೇ ವರ್ಷ ಆ ದೊರೆಯ ಆಸ್ಥಾನದಲ್ಲಿ ಕೆಲಸ ಸಿಕ್ತು.

ನೀವು ಹೇಳಿದ ನಾಲ್ಕು ಹೆಸರು ಅಚ್ಚಾಗಿದ್ದು 1614ರಲ್ಲಿ, ಜರ್ಮನಿಯ ಸೈಮನ್ ಮಾರಿಯಸ್ ಪುಸ್ತಕದಲ್ಲಿ. ಅವನೂ ಈ ಚಂದ್ರಗಳನ್ನ ನೋಡ್ದೋನೇ, ಅವನಿಗೂ ಗೆಲಿಲಿಯೋಗೂ ಆಗಿಬರ್ತಿರ್ಲಿಲ್ಲ. ಹಿಂದಿನ ವರ್ಷ ರೇಗನ್ಸ್‌ಬರ್ಗ್ ಜಾತ್ರೇಲಿ ಸಿಕ್ಕ ಖಗೋಳಜ್ಞ ಕೆಪ್ಲರ್ ಈ ಹೆಸರು ಸೂಚಿಸಿದ್ದು ಅಂತ ಮಾರಿಯಸ್ಸೇ ಬರ್ಕೊಂಡಿದಾನೆ. ಗುರು ಅಂದ್ರೆ ಜ್ಯೂಪಿಟರ್, ಗ್ರೀಕರ ಜ್ಯೂಸ್. ಅವನು ಮೋಹಿಸಿದ ಮೂವರು ಹೆಂಗಸ್ರು, ಒಬ್ಬ ಹುಡುಗ ಈಗ ಅವನ ಸುತ್ತಾನೇ ಸುತ್ತುತಾ ಇದಾರೆ. 2011ರಲ್ಲಿ ನಾಸಾದವ್ರು ಅಲ್ಲಿಗೆ ಕಳಿಸಿದ ನೌಕೆಗೆ ಜೂನೋ ಅಂತ ಹೆಸರಿಟ್ಟಿದ್ದು ಸುಮ್ನೆ ಅಲ್ಲ, ಜೂನೋ ಅವನ ಹೆಂಡ್ತಿ.

ಆದ್ರೆ ಆ ಹೆಸರುಗಳನ್ನ ಶತಮಾನಗಟ್ಟಲೆ ಹೆಚ್ಚಿನೋರು ಬಳಸ್ಲೇ ಇಲ್ಲ, ಗುರು 1, ಗುರು 2 ಅಂತ ನಂಬರಲ್ಲೇ ಕೆಲಸ ನಡೀತಿತ್ತು. 1892ರಲ್ಲಿ ಬರ್ನಾರ್ಡ್ ಅನ್ನೋರು ಅಯೋಗಿಂತ ಒಳಗೆ ಇನ್ನೊಂದನ್ನ ಕಂಡ್ರು, ಆಗ ಗೊತ್ತಿದ್ದವುಗಳಲ್ಲಿ ಗುರುವಿಗೆ ಅದೇ ಹತ್ರ ಇದ್ರೂ ನಂಬರ್ ಮಾತ್ರ 5. ನಂಬರ್ ಎಷ್ಟು ತಲೆನೋವು ಅಂತ ಗೊತ್ತಾಗ್ಬೇಕಂದ್ರೆ ಶನಿ ಕಡೆ ನೋಡಿ. 1655ರಲ್ಲಿ ಹೈಗೆನ್ಸ್ ಒಂದು ಚಂದ್ರ ಕಂಡು ಬರೀ 'ಶನಿಯ ಚಂದ್ರ' ಅಂದ. 1671ರಿಂದ 84ರೊಳಗೆ ಕ್ಯಾಸಿನಿ ನಾಲ್ಕು ಕಂಡು ಫ್ರಾನ್ಸಿನ 14ನೇ ಲೂಯಿ ಹೆಸರಿಟ್ಟ, ಅದೂ ನಿಲ್ಲಲಿಲ್ಲ. ಶನಿಯಿಂದ ದೂರದ ಲೆಕ್ಕದಲ್ಲಿ ನಂಬರ್ ಕೊಟ್ರು. 1789ರಲ್ಲಿ ವಿಲಿಯಂ ಹರ್ಷೆಲ್ ಒಳಗಡೆ ಇನ್ನೆರಡು ಕಂಡಿದ್ದೇ ತಡ, ಲೆಕ್ಕ ಎಲ್ಲಾ ಕದಲಿತು. ನಾವು ಐಯಾಪಿಟಸ್ ಅನ್ನೋದು ಮೊದಲು 5, ಆಮೇಲೆ 7, 1848ರಲ್ಲಿ ಹೈಪೀರಿಯನ್ ಸಿಕ್ಕ ಮೇಲೆ 8. ಹಳೇ ದಾಖಲೇಲಿ 'ಶನಿ 5' ಅಂತ ಕಂಡ್ರೆ ಯಾವ ವರ್ಷದ್ದು ಅಂತ ನೋಡಿದ ಮೇಲೇ ಯಾವ ಚಂದ್ರ ಅಂತ ಗೊತ್ತಾಗೋದು! ಈ ಗೋಜಲು ನೋಡಿ ವಿಲಿಯಂ ಮಗ ಜಾನ್ ಹರ್ಷೆಲ್ 1847ರಲ್ಲಿ ಟೈಟನ್, ರಿಯಾ, ಐಯಾಪಿಟಸ್ ಅಂತ ಶನಿಯ ಪುರಾಣದ ಬಳಗವನ್ನೇ ತಂದು ಹೆಸರಿಟ್ರು. ನನ್ನ ಪ್ರಕಾರ ಈ ವಿಷಯದಲ್ಲಿ ನಿಜವಾದ ನಾಯಕ ಇವ್ರೇ, ಕಂಡುಹಿಡಿದೋರು ರಾಜರನ್ನ ಹೊಗಳ್ತಾ ಇದ್ದಾಗ ಇವರು ಉಪಯೋಗಕ್ಕೆ ಬರೋ ಕೆಲಸ ಮಾಡಿದ್ರು.

ಎರಡನೇ ಪ್ರಶ್ನೆಗೂ ಈ ಜಾನ್ ಅವ್ರೇ ಉತ್ತರ. ಯುರೇನಸ್ಸಿನ ಎರಡು ಚಂದ್ರ ಅಪ್ಪ 1787ರಲ್ಲಿ ಕಂಡಿದ್ದು, ಇನ್ನೆರಡು ಲ್ಯಾಸೆಲ್ 1851ರಲ್ಲಿ ಕಂಡಿದ್ದು. ಮರುವರ್ಷ ಜಾನ್ ಟೈಟಾನಿಯಾ, ಓಬೆರಾನ್, ಏರಿಯಲ್, ಅಂಬ್ರಿಯಲ್ ಅಂತಿಟ್ರು. ಮೊದಲ ಮೂರೂ ಶೇಕ್ಸ್‌ಪಿಯರ್ ನಾಟಕದ ಯಕ್ಷ-ಕಿನ್ನರರು, ಅಂಬ್ರಿಯಲ್ ಮಾತ್ರ ಅಲೆಕ್ಸಾಂಡರ್ ಪೋಪ್ ಅನ್ನೋ ಇಂಗ್ಲಿಷ್ ಕವಿ ಬರೆದ ಹಾಸ್ಯಕಾವ್ಯದ ಒಂದು ಜೋಲುಮೋರೆ ಭೂತ. ಯುರೇನಸ್ಸಿನ ಐದು ದೊಡ್ಡ ಚಂದ್ರಗಳಲ್ಲಿ ಎಲ್ಲಕ್ಕಿಂತ ಕಪ್ಪಗಿರೋದೂ ಅದೇ, ಕಾಕತಾಳೀಯ ಇರ್ಬೇಕು. ಐದನೇದಕ್ಕೆ 1948ರಲ್ಲಿ ಕೈಪರ್ ಮಿರಾಂಡಾ ಅಂತಿಟ್ರು, ಅವಳು ಯಕ್ಷಿ ಅಲ್ಲ, ಮನುಷ್ಯಳು, ಅಲ್ಲಿಂದ ಶೇಕ್ಸ್‌ಪಿಯರ್ ಪಾತ್ರ ಯಾವುದಾದ್ರೂ ನಡೀತು.

ನೆಪ್ಚೂನ್ ಕಥೆ ಚಿಕ್ಕದು. ಗ್ರಹ ಸಿಕ್ಕ 17 ದಿನಕ್ಕೇ, 1846ರಲ್ಲಿ, ಟ್ರೈಟನ್ ಸಿಕ್ತು, ಹೆಸರು ಸೂಚಿಸಿದ್ದು 1880ರಲ್ಲಿ ಫ್ರಾನ್ಸಿನ ಖಗೋಳಜ್ಞ ಫ್ಲಮಾರಿಯೋನ್, ಅದು ರೂಢಿಗೆ ಬಂದಿದ್ದು 1949ರಲ್ಲಿ ಎರಡನೇ ಚಂದ್ರ ಸಿಕ್ಕ ಮೇಲೆ. ಮನೇಲಿ ಒಂದೇ ಮಗು ಇದ್ರೆ 'ಮಗು' ಅಂದ್ರೆ ಸಾಕಲ್ವಾ, ಹಾಗೆ.

ಇನ್ನು ಹೆಸರು ಖಾಲಿ ಆಗೋ ಮಾತು. ಈಗ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಒಪ್ಪಿದ್ರೇ ಹೆಸರು. ಗುರುವಿನ ಹೊರಗಿನ ಪುಟ್ಟ ಚಂದ್ರಗಳಲ್ಲಿ ಒಂದು ಗುಟ್ಟಿದೆ: ಹೆಸರು ಇಂಗ್ಲಿಷ್ ಅಕ್ಷರ 'ಎ'ಯಲ್ಲಿ ಮುಗಿದ್ರೆ ಗುರು ತಿರುಗೋ ದಿಕ್ಕಲ್ಲೇ ಸುತ್ತುತ್ತೆ, ಉದಾಹರಣೆಗೆ ಹಿಮಾಲಿಯಾ (ಹಿಮಾಲಯಕ್ಕೂ ಇದಕ್ಕೂ ಸಂಬಂಧ ಇಲ್ಲ, ಗ್ರೀಕ್ ಅಪ್ಸರೆ). 'ಇ'ಯಲ್ಲಿ ಮುಗಿದ್ರೆ ಉಲ್ಟಾ ದಿಕ್ಕು, ಸಿನೋಪಿ (Sinope) ಥರ. ಶನಿಯ ಹೊರಗಿನ ಚಂದ್ರಗಳಿಗೆ ಗ್ರೀಕರು ಸಾಲದೆ ಇನುಯಿಟ್ (ಉತ್ತರ ಧ್ರುವದ ಕಡೆಯ ಜನ), ಗಾಲ್ (ಹಳೇ ಫ್ರಾನ್ಸಿನ ಕಡೆಯವ್ರು), ನಾರ್ಸ್ (ಹಳೇ ಸ್ಕ್ಯಾಂಡಿನೇವಿಯಾದವ್ರು) ಪುರಾಣಗಳಿಗೆ ಹೋದ್ರು, ಉಲ್ಟಾ ಸುತ್ತೋವೆಲ್ಲ ಹೆಚ್ಚುಕಮ್ಮಿ ನಾರ್ಸ್ ದೈತ್ಯರೇ. 2025ರ ಮಾರ್ಚಲ್ಲಿ ಒಂದೇ ಸಲ 128 ಸೇರಿ ಶನಿಯ ಲೆಕ್ಕ 274ಕ್ಕೆ ಹೋಯ್ತು, ದೈತ್ಯರು ಎಷ್ಟು ಅಂತ ಸಿಗ್ತಾರೆ ಹೇಳಿ. ಕಕ್ಷೆ ಗಟ್ಟಿ ಆಗೋವರೆಗೂ ಹೆಸರು ಕೊಡೋದೂ ಇಲ್ಲ, 'ಎಸ್/2004 ಎಸ್ 12' ಅನ್ನೋ ಥರದ ನಂಬರೇ ಗತಿ, ಅಂದ್ರೆ 2004ರಲ್ಲಿ ತೆಗೆದ ಚಿತ್ರಗಳಲ್ಲಿ ಸಿಕ್ಕ ಶನಿಯ 12ನೇ ಹೊಸ ಚಂದ್ರ. ಈ ಸಲದ ನಂಬರ್‌ನಲ್ಲಿ ವರ್ಷ ಸೇರಿದೆ, ಹಾಗಾಗಿ ಐಯಾಪಿಟಸ್ಸಿನ ಗತಿ ಇವಕ್ಕೆ ಬರಲ್ಲ.